ರಾಮಾಂಜಿನಮ್ಮ ಹಾಲಿಗೆ ಹಾಕಿದ ಹನಿ

ರಾಮಾಂಜಿನಮ್ಮನ ಬಗ್ಗೆ ಬರೆಯಲು ಕೂತಾಗಲೆಲ್ಲ ಮೊದಲು ನೆನಪಿಗೆ ಬರುವುದು ಅವಳ ಕೈ. ಮನೆಮನೆಗೆ ಹಾಲು ಹಾಕುತ್ತಿದ್ದ ಕಾಲದಲ್ಲಿ ಎಡಗೈಯಲ್ಲಿ ಅಳತೆಯ ಲೋಟ ಹಿಡಿದು, ಬಲಗೈಯಲ್ಲಿ ಚೊಂಬನ್ನು ಬಾಗಿಸಿ, ಲೋಟದ ಅಂಚಿಗೆ ತಾಗಿಸಿ ಸಣ್ಣ ಧಾರೆಯಾಗಿ ಬಿಡುತ್ತಿದ್ದಳು. ಎತ್ತರದಿಂದ ಸುರಿದರೆ ನೊರೆ ಏಳುತ್ತದೆ. ನೊರೆ ಎದ್ದರೆ ಮುಕ್ಕಾಲು ಲೋಟ ಹಾಲು ತುಂಬಿದ ಲೋಟದಂತೆ ಕಾಣುತ್ತದೆ. ಬೇರೆ ಹಾಲಿನವರು ಹಾಗೇ ಸುರಿಯುತ್ತಿದ್ದರು, ನಾವೂ ಹಾಗೇ ಇಸಿದುಕೊಳ್ಳುತ್ತಿದ್ದೆವು. ಇವಳು ಮಾತ್ರ ಎದ್ದ ಅಷ್ಟಿಷ್ಟು ನೊರೆ ಇಳಿಯುವ ತನಕ ಬಾಗಿಲಲ್ಲಿ ನಿಂತು, ಇಳಿದ ಮೇಲೆ ಮತ್ತೊಂದಿಷ್ಟು ತುಂಬಿಸಿ ಕೊಡುತ್ತಿದ್ದಳು.

"ಹೊತ್ತಾಗ್ತೈತೆ ಕೊಡೇ," ಎಂದರೆ, "ಗಾಳೀನ ಅಳೆದು ಕೊಡೋಳಲ್ಲ ಕಣಮ್ಮ ನಾನು," ಎನ್ನುತ್ತಿದ್ದಳು.

ಇಂಥವಳನ್ನು ಊರು ಕೊನೆಯ ಆರು ವರ್ಷ "ನೀರ್ ರಾಮಾಂಜಿನಮ್ಮ" ಎಂದು ಕರೆಯಿತು. ಹೋಗುವಾಗಲೂ ಅವಳು ಆ ಹೆಸರನ್ನು ಹೊತ್ತುಕೊಂಡೇ ಹೋದಳು. ಅದನ್ನು ಇಳಿಸಬೇಕೆಂಬುದೊಂದೇ ಅವಳ ಕೊನೆಗಾಲದ ಆಸೆಯಾಗಿತ್ತು. ನಾನು ಇದನ್ನು ಬರೆಯುತ್ತಿರುವುದೂ ಅದಕ್ಕೇ.

ನಮ್ಮೂರು ಕೊಡಿಗೇನಹಳ್ಳಿಯಿಂದ ಹಿಂದೂಪುರದ ದಾರಿಯಲ್ಲಿ ಸ್ವಲ್ಪ ಹೋಗಿ ಒಳಕ್ಕೆ ತಿರುಗಿದರೆ ಸಿಗುತ್ತದೆ. ನಾವಿಬ್ಬರೂ ಇಲ್ಲಿಗೆ ಸೊಸೆಯರಾಗಿ ಬಂದಿದ್ದು ಒಂದೇ ವರ್ಷ. ನಾನು ಮಧುಗಿರಿಯಲ್ಲಿ ಪಿಯುಸಿ ಮುಗಿಸಿದ್ದೆ, ಮುಂದೆ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅವಳು ಪಾವಗಡದ ಕಡೆಯವಳು, ಶಾಲೆಯನ್ನು ಬೇಗ ಬಿಟ್ಟವಳು. ಅವಳ ತವರಿನ ಬೋರ್‌ವೆಲ್ ನೀರು ಹಲ್ಲುಗಳ ಮೇಲೆ ಕಂದು ಗೆರೆ ಎಳೆದಿತ್ತು. ಅದಕ್ಕೇ ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಮಾತಿನಲ್ಲಿ ತೆಲುಗು ನುಸುಳುತ್ತಿತ್ತು. ಯಾವ ಕಷ್ಟ ಹೇಳಿಕೊಂಡರೂ ಕೊನೆಗೆ "ಪೋನೀಲೇ ವನಜಾ, ಹೋಗ್ಲಿ ಬುಡು," ಎಂದು ಮುಗಿಸುತ್ತಿದ್ದಳು. ಹೊಲ ಪಾಲಾದಾಗ ಪೋನೀಲೇ ಎಂದಳು. ಗಂಡ ದೊಡ್ಡರಂಗಪ್ಪ ಸಣ್ಣ ವಯಸ್ಸಿಗೇ ಹಾವು ಕಚ್ಚಿ ಸತ್ತಾಗ ಮಾತ್ರ ಆ ಮಾತು ಬರಲಿಲ್ಲ. ಆಮೇಲೆ ಬಾರದೆ ಹೋದದ್ದು ಈ ಹಾಲಿನ ವಿಷಯದಲ್ಲಿ.

ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಮಗ ರಂಗೇಶ ಮತ್ತು ಒಂದು ಹಸು. ಆ ಹಸುವಿನ ಕರು, ಕರುವಿನ ಕರು, ಹೀಗೆ ಅವಳ ಕೊಟ್ಟಿಗೆ ಯಾವತ್ತೂ ಬರಿದಾಗಲಿಲ್ಲ. ಮಗ ಬೆಳೆದು ಪಾವಗಡದ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಸೇರಿದ, ಮದುವೆಯಾಗಿ ಅಲ್ಲೇ ಮನೆ ಮಾಡಿದ. ಬಾ ಎಂದು ಅವನು ಕರೆದರೆ, "ಹಸೂನ ಬಸ್ನಾಗೆ ಕೂರಿಸ್ಕಂಡು ಬರ್ಲೇನ್ಲಾ," ಎನ್ನುತ್ತಿದ್ದಳು.

ನಮ್ಮೂರ ಕಡೆ ಒಂದು ರೂಢಿಯಿದೆ. ಕರೆದ ಹಾಲು ಮನೆಯ ಹೊಸಿಲು ದಾಟುವ ಮುಂಚೆ ಅದಕ್ಕೆ ಒಂದು ಹನಿ ನೀರು ಹಾಕಬೇಕು. ಬೆರಳನ್ನು ನೀರಿಗದ್ದಿ ಹಾಲಿನ ಮೇಲೆ ಝಾಡಿಸಿದರೆ ಸಾಕು. ಬರೀ ಹಾಲು ಹೊರಗೆ ಹೋಗಿ ಯಾರದೋ ಒಲೆಯ ಮೇಲೆ ಉಕ್ಕಿದರೆ ಇಲ್ಲಿ ಹಸುವಿನ ಕೆಚ್ಚಲು ಉರಿಯುತ್ತದಂತೆ. ನಮ್ಮತ್ತೆ ಹಾಕುತ್ತಿದ್ದರು, ಅವರತ್ತೆಯೂ ಹಾಕುತ್ತಿದ್ದರಂತೆ. ದುಡ್ಡಿಗೆ ಕೊಡುವ ಹಾಲಿಗೂ ಹಾಕುತ್ತಾರೆ, ಪಕ್ಕದ ಮನೆಯ ಮಗುವಿಗೆ ಕೊಡುವ ಹಾಲಿಗೂ ಹಾಕುತ್ತಾರೆ. ನಂಬಿಕೆ ಇದ್ದವರು ಇಲ್ಲದವರು ಎಂಬ ಭೇದವಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬರುವಷ್ಟು ಸಹಜವಾಗಿ ಕೈ ತಾನೇ ಹೋಗುತ್ತದೆ.

ಊರಿಗೆ ಹಾಲಿನ ಡೇರಿ ಬಂದ ಮೇಲೆ ಮನೆಮನೆಯ ಅಳತೆ ನಿಂತಿತು. ರಾಮಾಂಜಿನಮ್ಮನ ಕೊಟ್ಟಿಗೆಗೂ ಡೇರಿಗೂ ನಡುವೆ ಇದ್ದದ್ದು ಒಂದು ಮಣ್ಣಿನ ದಾರಿ. ಅವಳು ಡೇರಿಯ ಬಾಗಿಲು ತೆರೆಯುವ ಸದ್ದು ಕೇಳಿದ ಮೇಲೆ ಹಾಲು ಕರೆಯಲು ಕೂರುತ್ತಿದ್ದಳು. ಕರೆದು ಮುಗಿಯುತ್ತಿದ್ದಂತೆ ಅಂಗಳದ ತೊಟ್ಟಿಯಲ್ಲಿ ಬೆರಳದ್ದಿ ಹನಿ ಬಿಟ್ಟು, ಹಬೆಯಾಡುವ ಕ್ಯಾನನ್ನು ಹಿಡಿದು ದಾರಿ ದಾಟುತ್ತಿದ್ದಳು. ಉಳಿದವರದು ಹಾಗಲ್ಲ. ತೋಟದ ಮನೆಗಳಿಂದ, ಆಚೆ ಹಟ್ಟಿಯಿಂದ ಬರುವವರು ನಸುಕಿನಲ್ಲೇ ಕರೆದಿಟ್ಟು, ಮನೆಗೆಲಸ ಮುಗಿಸಿ, ನಡೆದು ಬರುತ್ತಿದ್ದರು.

ಯಾಕೆ ಇಷ್ಟು ಅವಸರ ಎಂದು ನಾನೊಮ್ಮೆ ಕೇಳಿದ್ದೆ.

"ಗಂಡ ಇಲ್ಲದ ಮನೆ ವನಜಾ. ಬೆಳಗ್ಗೆ ಬಾಗ್ಲು ತಡ ತೆಗೆದ್ರೂ ಯಾಕೆ ಅಂತಾರೆ. ಹಾಲು ಕರೆದು ಒಳಗೆ ಇಟ್ಕಂಡ್ರೆ ಒಳಗೇನ್ ಮಾಡ್ತವ್ಳೆ ಅಂತಾರೆ. ಕೆಚ್ಚಲಿಂದ ಕ್ಯಾನಿಗೆ, ಕ್ಯಾನಿಂದ ಡೇರಿಗೆ. ಯಾರೂ ಏನೂ ಅನ್ನಾಕೆ ಸಂದು ಬುಟ್ಟಿಲ್ಲ ನಾನು."

ಆ ಒಂದು ಜಾಗ್ರತೆಯೇ ಅವಳಿಗೆ ಮುಳುವಾಯಿತು.

ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಯಂತ್ರವೊಂದಿತ್ತು. ಒಂದು ಚಿಕ್ಕ ಬಟ್ಟಲಲ್ಲಿ ಹಾಲಿಟ್ಟರೆ ಜಿಡ್ಡೆಷ್ಟು, ಗಟ್ಟಿಯೆಷ್ಟು, ಎಲ್ಲ ತೋರಿಸುತ್ತಿತ್ತು. ಅವಳ ಹಾಲು ಅದರಲ್ಲಿ ಒಂದು ದಿನವೂ ಕೆಳಗೆ ಬಂದದ್ದಿಲ್ಲ. ಅವಳು ಹೋಗುವುದಕ್ಕೆ ಆರು ವರ್ಷ ಮುಂಚೆ, ಪುಷ್ಯ ಮಾಸದಲ್ಲಿ, ಕರೆಂಟು ಏರುಪೇರಾಗಿ ಯಂತ್ರ ಸುಟ್ಟಿತು. ರಿಪೇರಿಗೆ ತುಮಕೂರಿಗೆ ಕಳಿಸಿದರು. ಅದು ಬರುವ ತನಕ ಇರಲಿ ಎಂದು ಕಾರ್ಯದರ್ಶಿ ವೃಷಭೇಂದ್ರಪ್ಪನವರು ಬೀರುವಿನಿಂದ ಹಳೆಯ ಲ್ಯಾಕ್ಟೋಮೀಟರ್ ತೆಗೆದರು. ತಳದಲ್ಲಿ ಗುಂಡಗೆ ಭಾರವಿರುವ, ಕತ್ತು ಉದ್ದಕ್ಕಿರುವ ಗಾಜಿನ ಕಡ್ಡಿ ಅದು. ಕತ್ತಿನ ಮೇಲೆ ಗೆರೆಗಳು. ಹಾಲಿನಲ್ಲಿ ಬಿಟ್ಟರೆ ತೇಲುತ್ತದೆ. ಹಾಲು ಗಟ್ಟಿಯಿದ್ದರೆ ಮೇಲೆ ನಿಲ್ಲುತ್ತದೆ, ನೀರಾಗಿದ್ದರೆ ಮುಳುಗುತ್ತದೆ. ಇಪ್ಪತ್ತಾರಕ್ಕಿಂತ ಕಡಿಮೆ ಬಂದರೆ ಆ ಹಾಲು ತೆಗೆದುಕೊಳ್ಳುವ ಹಾಗಿಲ್ಲ.

ಅವತ್ತು ಬೆಳಿಗ್ಗೆ ನಾನು ಅಲ್ಲಿರಲಿಲ್ಲ. ಆದರೆ ರಾಮಾಂಜಿನಮ್ಮ ಹೇಳಿದ್ದೂ, ಸಾಲಿನಲ್ಲಿ ಅವಳ ಹಿಂದೆಯೇ ನಿಂತಿದ್ದ ಆಚೆ ಹಟ್ಟಿಯ ಕರಿಬಸಮ್ಮ ಹೇಳಿದ್ದೂ ಒಂದೇ ಆಗಿದೆ. ಮಂಜು ಸುರಿಯುತ್ತಿತ್ತು. ಎಲ್ಲರೂ ತಲೆಗೆ ಟವಲ್ಲು, ಸೆರಗು ಹೊದ್ದು ನಿಂತಿದ್ದರು. ಯಾವತ್ತಿನಂತೆ ರಾಮಾಂಜಿನಮ್ಮನೇ ಮೊದಲು. ಕಡ್ಡಿ ಅವಳ ಹಾಲಿನಲ್ಲಿ ಇಳಿಯಿತು, ಇಳಿದು ಇಪ್ಪತ್ತನಾಲ್ಕರಲ್ಲಿ ನಿಂತಿತು. ವೃಷಭೇಂದ್ರಪ್ಪ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಬಿಟ್ಟರು. ಅಷ್ಟೇ ಬಂತು.

"ಏನಮ್ಮ ರಾಮಾಂಜಿನಮ್ಮ, ನೀರ್ ಹಾಕಿದ್ದೀಯ?"

ಅವರು ಕೇಳಿದ್ದು ಗದರಿಸುವ ದನಿಯಲ್ಲಿ ಅಲ್ಲ, ಅರ್ಧ ತಮಾಷೆಗೆ ಎಂದು ಕರಿಬಸಮ್ಮ ಹೇಳುತ್ತಾಳೆ. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ.

"ಹಾಕಿವ್ನಿ ಅಪ್ಪಾರೆ, ಒಂದ್ ಹನಿ. ಹಾಕ್ದೆ ಹೆಂಗ್ ತರಾದು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಹನಿ ದಪ್ಪಕ್ಕೆ ಬಿದ್ದೈತೆ ಕಣ್ಲಾ," ಎಂದಿತು ಒಂದು ಗಂಡು ದನಿ. "ಹನಿ ಹಾಕಾಕೆ ಚೊಂಬು ತಗಂಡಿರ್ಬೇಕು," ಎಂದಿತು ಇನ್ನೊಂದು. ಎಲ್ಲರೂ ನಕ್ಕರು. ಚಳಿಗೆ ನಗುವುದಕ್ಕೊಂದು ನೆಪ ಬೇಕಿತ್ತು. ವೃಷಭೇಂದ್ರಪ್ಪ ಹಾಲನ್ನು ಅವಳ ಕ್ಯಾನಿಗೇ ಸುರಿದು, "ಮನೆಗ್ ತಗಂಡೋಗಮ್ಮ, ನಾಳೆ ಸರಿಯಾಗಿರೋದು ತಾ," ಎಂದರು.

ಆ ಸಾಲಿನಲ್ಲಿದ್ದ ಪ್ರತಿ ಹೆಂಗಸಿನ ಬೆರಳೂ ಅವತ್ತು ಬೆಳಿಗ್ಗೆ ನೀರಿಗೆ ಹೋಗಿ ಬಂದಿತ್ತು. ನಾವೂ ಹಾಕಿದ್ದೇವೆ ಎಂದು ಒಬ್ಬಳೂ ಬಾಯಿ ಬಿಡಲಿಲ್ಲ.

ಮಾರನೆಯ ದಿನ ಅವಳು ಹನಿ ಹಾಕಲಿಲ್ಲ. ಹಸುವಿನ ಕುತ್ತಿಗೆ ಸವರಿ, ತಪ್ಪಾಯ್ತು ತಾಯಿ ಎಂದು ಬೇಡಿಕೊಂಡು, ಬರೀ ಹಾಲನ್ನೇ ಒಯ್ದಳು. ಮತ್ತೆ ಇಪ್ಪತ್ತನಾಲ್ಕು. ಆ ಮುಂದಿನ ದಿನವೂ ಅಷ್ಟೇ. ಅದೇ ಮೂರು ದಿನ ಹಟ್ಟಿಯ ಕಡೆಯವರ ಹಾಲೆಲ್ಲ ಪಾಸಾಯಿತು. ಅದರಲ್ಲಿ ಒಂದಿಬ್ಬರು ನಿಜಕ್ಕೂ ನೀರು ಬೆರೆಸುವವರು ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ಮುಂದಿನ ವಾರ ಯಂತ್ರ ರಿಪೇರಿಯಾಗಿ ಬಂತು. ಅವಳ ಹಾಲನ್ನಿಟ್ಟರೆ ಯಾವತ್ತಿನಂತೆ ಎಲ್ಲ ಸರಿಯಾಗಿ ತೋರಿಸಿತು. ಈಗಲಾದರೂ ಜನಕ್ಕೆ ತಿಳಿಯುತ್ತದೆ ಎಂದುಕೊಂಡು ಅವಳು ಹಿಂದಿರುಗಿ ಸಾಲಿನ ಮುಖ ನೋಡಿದಳಂತೆ.

"ಒಂದ್ಸಲ ಸಿಕ್ಕಾಕಂಡ್ರೆ ಬುದ್ಧಿ ಬತ್ತದೆ ನೋಡು," ಎಂದರು ಹಿಂದಿನವರು.

ಅವಳು ಆ ಸಂಜೆ ಗ್ರಂಥಾಲಯಕ್ಕೆ ಬಂದಳು. ಅಷ್ಟು ವರ್ಷದಲ್ಲಿ ಗ್ರಂಥಾಲಯದ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಬೆಂಚಿನ ಮೇಲೆ ಕೂತು ಕಪಾಟುಗಳನ್ನು ನೋಡಿದಳು.

"ಇಷ್ಟೊಂದು ಬುಕ್ಕೈತೆ. ಇದ್ರಾಗೆ ಎಲ್ಲಾದ್ರೂ ಬರೆದೈತೇನೇ, ನೀರ್ ಹಾಕ್ದೇನೆ ಹಾಲು ಹೆಂಗೆ ನೀರಾಗ್ತದೆ ಅಂತ?"

ನನಗೂ ಗೊತ್ತಿರಲಿಲ್ಲ. ಹುಡುಕಿದೆ. ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲಿ ಸಾಂದ್ರತೆಯ ಪಾಠವಿತ್ತು. ಯಾವ ದ್ರವವೂ ಬಿಸಿಯಾದರೆ ಹಿಗ್ಗುತ್ತದೆ, ಅಷ್ಟೇ ಜಾಗದಲ್ಲಿ ತೂಕ ಕಡಿಮೆಯಾಗುತ್ತದೆ ಎಂದಿತ್ತು. ಹೈನುಗಾರಿಕೆಯ ಒಂದು ಹಳೆಯ ಕೈಪಿಡಿಯಲ್ಲಿ ಇನ್ನೂ ಸ್ಪಷ್ಟವಾಗಿತ್ತು: ಆಗಷ್ಟೇ ಕರೆದ ಹಾಲಿನಲ್ಲಿ ಬಿಸಿಯೂ ಇರುತ್ತದೆ, ಕಣ್ಣಿಗೆ ಕಾಣದ ಗಾಳಿಯೂ ಇರುತ್ತದೆ. ಅಂಥ ಹಾಲಿಗೆ ಕಡ್ಡಿ ಬಿಟ್ಟರೆ ಇರುವುದಕ್ಕಿಂತ ತೆಳುವೆಂದು ತೋರಿಸುತ್ತದೆ. ಆರಲು ಬಿಟ್ಟು ಆಮೇಲೆ ನೋಡಬೇಕು.

ಒಂದು ಭಾನುವಾರ ಅವಳನ್ನು ಮನೆಗೆ ಕರೆದೆ. ಮೊದಲು ಎರಡು ಗಾಜಿನ ಲೋಟಗಳಲ್ಲಿ ಫಿಲ್ಟರ್ ನೀರು ಇಟ್ಟು, ಒಂದಕ್ಕೆ ಉಪ್ಪು ಕಲಸಿದೆ. ಎರಡಕ್ಕೂ ಒಂದೊಂದು ಮೊಟ್ಟೆ ಬಿಟ್ಟೆ. ಬರೀ ನೀರಿನದು ತಳಕ್ಕೆ ಹೋಯಿತು, ಉಪ್ಪುನೀರಿನದು ತೇಲಿತು. ಎರಡು ಲೋಟದ ನೀರೂ ನೋಡಲು ಒಂದೇ, ಆದರೆ ಒಂದು ದಪ್ಪ, ಒಂದು ತೆಳು, ಕಡ್ಡಿಯೂ ಹೀಗೇ ಎಂದು ಹೇಳಿದೆ.

ಅವಳು ಸೆರಗು ಬಾಯಿಗೆ ಹಿಡಿದಳು. "ನಮ್ಮ ತವರಲ್ಲಿ ಉಪ್ಪು ಹಾಕ್ದೇನೇ ತೇಲ್ತದೆ ಬುಡು. ಕೋಳಿನೂ ತೇಲ್ತದೆ."

ಆ ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಹಿಂದೂಪುರದಿಂದ ಒಂದು ಕಡ್ಡಿ ತರಿಸಿದ್ದೆ, ಹೈಸ್ಕೂಲಿನಿಂದ ಉದ್ದನೆಯ ಗಾಜಿನ ಜಾಡಿ ಕೇಳಿ ತಂದಿದ್ದೆ. ಅವಳು ಹಾಲು ಕರೆದು ನೇರವಾಗಿ ತಂದಳು. ಜಾಡಿಗೆ ಸುರಿದು ಕಡ್ಡಿ ಬಿಟ್ಟರೆ ಇಪ್ಪತ್ತೈದೂ ದಾಟಲಿಲ್ಲ. ಅವಳ ಮುಖ ಬಾಡಿತು. ಅದೇ ಹಾಲನ್ನು ಚೊಂಬಿಗೆ ಹಾಕಿ, ನೀರಿನ ಕೊಡದಡಿಯ ಒದ್ದೆ ಮರಳಿನಲ್ಲಿ ಇಟ್ಟು, ನಾವಿಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತೆವು. ಅವಳು ಚೊಂಬಿನ ಮೇಲಿನ ಕಣ್ಣು ತೆಗೆಯಲಿಲ್ಲ. ನಾನು ನೀರು ಕುಡಿಯಲು ಎದ್ದರೂ, "ಅತ್ತಾಗೋಗ್ಬೇಡ ಕಣೇ, ಆಮೇಲೆ ನೀನೇ ಹಾಕ್ಬುಟ್ಟೆ ಅಂದಾರು," ಎಂದಳು. ಹಾಲು ಆರಿದ ಮೇಲೆ ಜಾಡಿಗೆ ಸುರಿದೆ. ಕಡ್ಡಿ ಇಪ್ಪತ್ತೆಂಟರ ಗೆರೆಯಲ್ಲಿ ನಿಂತಿತು.

ಅವಳು ಬಗ್ಗಿ, ಗೆರೆಯ ಮಟ್ಟಕ್ಕೆ ಕಣ್ಣಿಟ್ಟು ತುಂಬ ಹೊತ್ತು ನೋಡಿದಳು.

"ಅಂಗಾರೆ ಅವರೆಲ್ಲ ನಡಕೊಂಡು ಬರಾ ಹೊತ್ಗೆ ಹಾಲು ತಣ್ಣಗಾಗ್ತಿತ್ತು."

"ಹೂಂ. ಚಳಿಗಾಲ ಬೇರೆ."

"ಒಂದ್ ಲೋಟ ನೀರ್ ಹಾಕಿದ್ರೂ ಅವರದ್ದು ಸರಿ ಬತ್ತಿತ್ತು. ನಂದು ಕೆಚ್ಚಲ ಬಿಸಿ ಇದ್ದುದ್ಕೆ ಕೆಡ್ತು."

"ಹೂಂ."

"ನಾನೇನಾರ ಸೋಂಬೇರಿ ಆಗಿದ್ದಿದ್ರೆ ಒಳ್ಳೇಳಾಗ್ತಿದ್ದೆ."

ಹನಿಯ ಲೆಕ್ಕವನ್ನೂ ಹೇಳಿದೆ. ಒಂದು ಕ್ಯಾನಿನ ಹಾಲಿಗೆ ಬೆರಳ ತುದಿಯ ನೀರು ಸೇರಿದರೆ ಯಾವ ಕಡ್ಡಿಗೂ, ಯಾವ ಯಂತ್ರಕ್ಕೂ ಅದು ಗೊತ್ತಾಗುವುದಿಲ್ಲ. "ಅದು ನಂಗೆ ಮೊದ್ಲೇ ಗೊತ್ತಿತ್ತು. ಅದ್ಕೇ ಧೈರ್ಯವಾಗಿ ಹೇಳಿದ್ದು," ಎಂದಳು.

ಜಾಡಿ, ಕಡ್ಡಿ, ಪುಸ್ತಕ ಎಲ್ಲ ಹಿಡಿದು, ಸಂಜೆಯ ಸಾಲು ಸೇರುವ ಮುಂಚೆ ಡೇರಿಗೆ ಹೋದೆವು. ವೃಷಭೇಂದ್ರಪ್ಪ ಒಬ್ಬರೇ ಇದ್ದರು. ಕೆಟ್ಟ ಮನುಷ್ಯರೆಂದು ನಾನು ಹೇಳಲಾರೆ. ದಿನಾ ವಿಭೂತಿ ಧರಿಸುವ, ಎಲ್ಲರನ್ನೂ ಅಮ್ಮ ಎಂದೇ ಮಾತಾಡಿಸುವ ಮನುಷ್ಯ. ನಾವು ಹೇಳಿದ್ದನ್ನು ಪೂರ್ತಿ ಕೇಳಿದರು. ಅವಳು ಆಗಷ್ಟೇ ಕರೆದು ತಂದಿದ್ದ ಸಂಜೆಯ ಹಾಲಿನಲ್ಲಿ ಅವರೇ ಕಡ್ಡಿ ಬಿಟ್ಟು, ಆಮೇಲೆ ಆರಿಸಿ ಮತ್ತೆ ಬಿಟ್ಟು ನೋಡಿದರು. ಪುಸ್ತಕದ ಆ ಪುಟವನ್ನೂ ಓದಿದರು.

"ಸರಿ ಕಣಮ್ಮ. ನಂಗೆ ಇದು ಹೊಳೀಲಿಲ್ಲ. ಟ್ರೇನಿಂಗಲ್ಲಿ ಹೇಳಿದ್ರು ಅನ್ಸುತ್ತೆ, ಯಂತ್ರ ಬಂದ್ಮೇಲೆ ಮರ್ತೇಹೋಗಿತ್ತು. ನೀನು ನೀರ್ ಹಾಕಿಲ್ಲ, ಒಪ್ಕಂತೀನಿ."

"ಇಲ್ಲಿ ಒಪ್ಕಂಡ್ರೆ ಏನ್ ಬಂತು ಅಪ್ಪಾರೆ. ನಾಳೆ ಬೆಳಿಗ್ಗೆ ಸಾಲಲ್ಲಿ ಹೇಳಿ."

ಅವರು ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸುತ್ತಾ ಕೂತರು. "ಸಾಲಲ್ಲಿ ಹೇಳಿದ್ರೆ ಏನಾಗ್ತದೆ ಹೇಳು. ಆ ವಾರ ಇನ್ನೂ ನಾಕು ಜನದ ಹಾಲು ವಾಪಸ್ ಕಳ್ಸಿದೀನಿ. ಅವರಲ್ಲಿ ನೀರ್ ಹಾಕಿದ್ದೋರೂ ಅವ್ರೆ. ನಾಳೆ ಎಲ್ರೂ ನಮ್ದೂ ಬಿಸಿ ಹಾಲೇ ಅಂತ ಕೂಗಾಡ್ತಾರೆ. ಸೊಸೈಟಿ ಎಲೆಕ್ಷನ್ ಬೇರೆ ಬಂತು. ಈಗ ಯಂತ್ರ ಬಂದೈತೆ, ನಿನ್ ಹಾಲು ಪಾಸಾಗ್ತೈತೆ. ಜನ ಮರೀತಾರೆ."

"ಅವರು ಮರೆಯಾಕಿಲ್ಲ."

"ಇಷ್ಟಕ್ಕೂ ನಾನೇನ್ ಸುಳ್ ಹೇಳಿದ್ನಾ? ಹಾಕಿದ್ದೀಯ ಅಂತ ಕೇಳ್ದೆ. ಹಾಕಿವ್ನಿ ಅಂತ ನೀನೇ ಅಂದೆ, ಎಲ್ರ ಮುಂದೆ."

"ನಾನು ಅಂದಿದ್ದು ಹನೀನ."

"ಅದನ್ನ ನಾನೇನ್ ಅಳೀಲಿ ತಾಯಿ," ಎಂದರು ಅವರು. ಬೇಸರದಿಂದಲೇ ಹೇಳಿದರು. ಆದರೆ ಆ ಮಾತಿನ ಮೇಲೆ ಹೋಗಿ ಬೀರುವಿನ ಬಾಗಿಲು ಹಾಕಿದರು.

ನಾನೇ ನಾಲ್ಕು ಜನಕ್ಕೆ ಹೇಳುತ್ತೇನೆಂದೆ, ಹೇಳಿಯೂ ನೋಡಿದೆ. ಬಿಸಿ ಹಾಲು ತೆಳು, ತಣ್ಣಗಿನ ಹಾಲು ಗಟ್ಟಿ ಎಂದರೆ ಕೇಳುವವರು ತಲೆಯಾಡಿಸುತ್ತಿದ್ದರು. "ಸ್ನೇಹಿತೆ ಅಲ್ವೇ, ಇನ್ನೇನ್ ಹೇಳ್ತೀಯ," ಎಂದು ಒಬ್ಬರು ಮುಖಕ್ಕೇ ಅಂದರು. ನನ್ನ ಮಾತಿಗೆ ತೂಕ ಬರಬೇಕಾದರೆ ಕಡ್ಡಿ ಹಿಡಿದಿದ್ದ ಕೈಯೇ ಹೇಳಬೇಕಿತ್ತು.

ಹೆಸರು ಅಂಟಿಕೊಂಡಿತು. ಊರಲ್ಲಿ ಇನ್ನೊಬ್ಬ ರಾಮಾಂಜಿನಮ್ಮ ಇದ್ದದ್ದರಿಂದ ಗುರುತಿಗೂ ಅನುಕೂಲವಾಯಿತು. ಯಾವ ರಾಮಾಂಜಿನಮ್ಮ? ನೀರ್ ರಾಮಾಂಜಿನಮ್ಮ. ಹೇಳುವವರಿಗೆ ಅದು ಬೈಗುಳವೆಂದೂ ಅನ್ನಿಸುತ್ತಿರಲಿಲ್ಲ. ಅವಳು ಫಿಲ್ಟರ್ ನೀರಿನ ಘಟಕಕ್ಕೆ ಕ್ಯಾನು ಹಿಡಿದು ಹೋದರೆ, ಅಲ್ಲಿ ಕೂತ ಗಂಡಸರಲ್ಲಿ ಒಬ್ಬನಾದರೂ, "ಏನಮ್ಮೋ, ಕುಡಿಯಾಕೋ ಡೇರಿಗೋ?" ಎನ್ನುತ್ತಿದ್ದ. ಮೊದಮೊದಲು ಉತ್ತರ ಕೊಟ್ಟಳು. ಆಮೇಲೆ ಬಿಸಿಲು ಏರಿ ಅಲ್ಲಿ ಯಾರೂ ಇಲ್ಲದ ಹೊತ್ತಿಗೆ ಹೋಗಿ ತರತೊಡಗಿದಳು.

ಕರೆದ ಹಾಲನ್ನು ಒಂದಿಷ್ಟು ಹೊತ್ತು ಮನೆಯಲ್ಲಿ ಆರಿಸಿಕೊಂಡು ಹೋಗು, ಮತ್ತೆ ಯಂತ್ರ ಕೆಟ್ಟರೂ ತೊಂದರೆಯಾಗುವುದಿಲ್ಲ ಎಂದು ನಾನು ಹೇಳಿದ್ದೆ. ಅವಳು ನನ್ನನ್ನೇ ನೋಡಿದಳು.

"ಒಳಗಿಟ್ಕಂಡ್ರೆ, ಆ ಹೊತ್ನಲ್ಲಿ ಒಳಗೇನ್ ಮಾಡಿದ್ಲು ಅಂತಾರೆ. ಇಟ್ಕಳ್ದೆ ಒಯ್ದ್ರೆ ಕಡ್ಡಿ ಮುಳುಗ್ತದೆ. ಎತ್ಲಾಗೋಗ್ಲಿ ಹೇಳು."



ಕೊನೆಗೆ ಅವಳು ಡೇರಿಗೆ ಹಾಲು ಹಾಕುವುದನ್ನೇ ಬಿಟ್ಟಳು. ದಾರಿಯಾಚೆ ಕ್ಯಾನುಗಳ ಸದ್ದು ಕೇಳುತ್ತಿದ್ದರೆ ಇವಳು ಈಚೆ ಕೂತು ಹೆಪ್ಪು ಹಾಕುತ್ತಿದ್ದಳು, ಮಜ್ಜಿಗೆ ಕಡೆಯುತ್ತಿದ್ದಳು. ತುಪ್ಪ ಕಾಯಿಸಿ ಮಧುಗಿರಿಗೆ ಒಯ್ದು, ಬಸ್ ಸ್ಟ್ಯಾಂಡಿನ ಹಿಂದಿನ ಮನೆಗಳಿಗೆ ಕೊಟ್ಟು ಬರುತ್ತಿದ್ದಳು. "ಅಲ್ಲಿ ನನ್ ಹೆಸ್ರು ಬರೀ ರಾಮಾಂಜಿನಮ್ಮ," ಎಂದಳು ಒಂದು ದಿನ. ಬಸ್ಸಿನ ಚಾರ್ಜಿಗೆ ಅರ್ಧ ಹೋಗುತ್ತಿತ್ತು, ಆದರೂ ಹೋಗುತ್ತಿದ್ದಳು. ಅಲ್ಲಿಯೂ ತುಪ್ಪವನ್ನು ಬೆಚ್ಚಗೆ ಅಳೆಯುತ್ತಿರಲಿಲ್ಲ. ಬೆಚ್ಚಗಿದ್ದಾಗ ಹಿಗ್ಗಿರುತ್ತದೆ, ಆರಿದ ಮೇಲೆ ಸೀಸೆಯಲ್ಲಿ ಕುಸಿದರೆ ಕೊಂಡವರಿಗೆ ಮೋಸವಾಗುತ್ತದೆ ಎಂದು ತಣ್ಣಗಾದ ಮೇಲೇ ಅಳೆಯುತ್ತಿದ್ದಳು. ಆ ಪಾಠವನ್ನು ಅವಳಿಗೆ ಹೇಳಿಕೊಟ್ಟದ್ದು ನಾನು. ಅವಳು ಅದನ್ನು ಹೀಗೆ ಬಳಸಿದಳು.

ವೃಷಭೇಂದ್ರಪ್ಪ ದಾರಿಯಲ್ಲಿ ಸಿಕ್ಕರೆ ಅವಳು ನಿಲ್ಲುತ್ತಿದ್ದಳು. "ಅಪ್ಪಾರೆ, ಯಾವಾಗ ಹೇಳ್ತೀರ?" ಎಂದಷ್ಟೇ ಕೇಳುತ್ತಿದ್ದಳು. ಅವರು, "ಹೇಳಾನ ಕಣಮ್ಮ, ಎಲೆಕ್ಷನ್ ಮುಗೀಲಿ," ಎನ್ನುತ್ತಿದ್ದರು. ಎಲೆಕ್ಷನ್ ಮುಗಿದ ಮೇಲೆ, "ಈಗ ಯಾರ್ ಅದನ್ನ ನೆನೆಸ್ಕಂತಾರೆ, ಬುಡು," ಎಂದರು. ಆಮೇಲಾಮೇಲೆ ಅವಳು ಬರುವುದು ಕಂಡರೆ ಗಾಡಿಯನ್ನು ಬೇರೆ ಬೀದಿಗೆ ತಿರುಗಿಸುತ್ತಿದ್ದರು.

"ಪೋನೀಲೇ ಅನ್ನು, ಬಿಟ್ಟುಬಿಡು," ಎಂದೆ ನಾನು ಒಂದು ಸಲ. ಅವಳದೇ ಮಾತನ್ನು ಅವಳಿಗೆ ಕೊಟ್ಟಿದ್ದೆ.

"ಬೇರೇದಕ್ಕೆಲ್ಲ ಅಂದಿವ್ನಿ. ಇದಕ್ಕೆ ಬರಾಕಿಲ್ಲ ಕಣೇ," ಎಂದಳು.

ಕಳೆದ ವರ್ಷ ಮಾರ್ಗಶಿರದಲ್ಲಿ ಒಂದು ಮಧ್ಯಾಹ್ನ ಮಧುಗಿರಿಯಿಂದ ಬಂದು, ಎದೆ ಹಿಡಿದಂಗಾಗ್ತೈತೆ ಎಂದು ಜಗುಲಿಯ ಮೇಲೆ ಕೂತಳು. ಆಟೋ ತರಿಸಿದೆವು. ಕೊಡಿಗೇನಹಳ್ಳಿ ದಾಟುವ ಮುಂಚೆಯೇ ಹೋಗಿಬಿಟ್ಟಳು. ತಲೆ ನನ್ನ ತೊಡೆಯ ಮೇಲಿತ್ತು. ಕೊನೆಯ ಮಾತು ಎಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹಸುವಿಗೆ ನೀರು ಕುಡಿಸಿಲ್ಲ ಎಂದಿದ್ದಳು.

ಅವರಲ್ಲಿ ಮೂರನೆಯ ದಿನ ಹೂಳಿದ ಗುಂಡಿಗೆ ಹಾಲುತುಪ್ಪ ಬಿಡುತ್ತಾರೆ. ತುಪ್ಪ ಅವಳೇ ಕಾಯಿಸಿಟ್ಟಿದ್ದು, ಮಧುಗಿರಿಯ ಮನೆಗಳಿಗೆ ಹೋಗಬೇಕಾಗಿದ್ದದ್ದು. ಹಾಲಿಗೆ ಯಾರೋ ಡೇರಿಗೆ ಹೋಗಲು ಎದ್ದರು. ರಂಗೇಶ ಬೇಡವೆಂದ, ನಮ್ಮವ್ವನ ಹಸುವಿನದೇ ಆಗಬೇಕು ಎಂದ. ಹಸು ಅವನ ಹೆಂಡತಿಯನ್ನು ಹತ್ತಿರ ಬಿಡಲಿಲ್ಲ. ಕರಿಬಸಮ್ಮ ಕೂತು ಕರೆದಳು. ಕರೆದು ಎದ್ದವಳು ಅಂಗಳದ ತೊಟ್ಟಿಯ ಹತ್ತಿರ ಹೋಗಿ, ಬೆರಳದ್ದಿ, ಚೊಂಬಿನ ಹಾಲಿನ ಮೇಲೆ ಝಾಡಿಸಿದಳು. ಅಂಗಳದ ತುಂಬ ಹೆಂಗಸರಿದ್ದರು. ಯಾರ ಕಣ್ಣಿಗೂ ಅದು ಬೇರೆಯಾಗಿ ಕಾಣಲಿಲ್ಲ.

ನಾನು ಎದುರಿಗೇ ಇದ್ದೆ. "ಏನ್ ಹಾಕಿದ್ದು ಕರಿಬಸಮ್ಮ?" ಎಂದೆ.

"ನೀರು ಕಣಮ್ಮ, ಒಂದ್ ಹನಿ. ಹಾಕ್ದೆ ಹೆಂಗ್ ತಗಂಡೋಗಾದು?"

ಹೇಳಿ ಮುಗಿಸಿದ ಮೇಲೆ ಅವಳಿಗೆ ತನ್ನ ಮಾತು ಕೇಳಿಸಿತೆಂದು ಕಾಣುತ್ತದೆ. ಚೊಂಬನ್ನು ಹಿಡಿದ ಹಾಗೇ ನಿಂತಳು.

"ಇದನ್ನೇ ಅವತ್ತು ಸಾಲಲ್ಲಿ ಹೇಳಿದ್ದಿದ್ರೆ ಆಗ್ತಿತ್ತು," ಎಂದೆ.

ಅವಳು ಅತ್ತಿತ್ತ ನೋಡಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. "ಹೇಳಿದ್ದಿದ್ರೆ ನನ್ ಹಾಲೂ ವಾಪಸ್ ಬತ್ತಿತ್ತು," ಎಂದಳು. "ಅವತ್ತು ನನ್ ಕ್ಯಾನಲ್ಲಿ ಹನಿ ಅಲ್ಲ, ಒಂದ್ ಲೋಟನೇ ಇತ್ತು ಕಣಮ್ಮ. ತಣ್ಣಗಿತ್ತು, ಪಾಸಾಯ್ತು."

ರಂಗೇಶ ಬಂದು ಹೊತ್ತಾಯಿತೆಂದ. ಹೊರಟೆವು.

ಗುಂಡಿಯ ಹತ್ತಿರ ವೃಷಭೇಂದ್ರಪ್ಪನವರು ಆಗಲೇ ಬಂದು ನಿಂತಿದ್ದರು. ಸೊಸೈಟಿಯವರು ನಾಲ್ಕೈದು ಜನ ಜೊತೆಗಿದ್ದರು. ಅವತ್ತು ಸಾಲಿನಲ್ಲಿದ್ದವರಲ್ಲಿ ಬಹುಪಾಲು ಜನ ಈಗ ಅಲ್ಲೂ ಇದ್ದರು. ಮಗ ಹಾಲು ಬಿಟ್ಟ, ಸೊಸೆ ಬಿಟ್ಟಳು, ನಾನು ಬಿಟ್ಟೆ. ಆಮೇಲೆ ಚೊಂಬು ವೃಷಭೇಂದ್ರಪ್ಪನವರ ಕೈಗೆ ಹೋಯಿತು. ನಾನು ಕೊಟ್ಟಾಗ ಬೇಕೆಂದೇ ಕೈ ಬಿಡದೆ ಒಂದು ಗಳಿಗೆ ಹಿಡಿದುಕೊಂಡೆ.

"ಅಪ್ಪಾರೆ, ಎಲ್ಲ ಇಲ್ಲೇ ಇದ್ದಾರೆ. ಹೇಳಿ," ಎಂದೆ.

ಅವರಿಗೆ ಅರ್ಥವಾಯಿತು. ಚೊಂಬನ್ನು ಎರಡು ಕೈಯಲ್ಲಿ ಹಿಡಿದು ಅದರೊಳಗೆ ನೋಡಿದರು. ಚಳಿಗೆ ಹಾಲಿನಿಂದ ಇನ್ನೂ ಹಬೆ ಏಳುತ್ತಿತ್ತು.

"ಇನ್ನೂ ಬೆಚ್ಚಗೈತೆ," ಎಂದರು.

ನಾನು ಮುಂದಿನ ಮಾತಿಗೆ ಕಾದೆ. ಅವರು ಬಗ್ಗಿ ಹಾಲು ಬಿಟ್ಟು, ಕೈ ಮುಗಿದು, ಚೊಂಬನ್ನು ಪಕ್ಕದವರಿಗೆ ಕೊಟ್ಟರು. ಅವರ ಹಿಂದೆ ಸಾಲು ಮುಂದಕ್ಕೆ ಸರಿಯಿತು.